ಪಟ್ಟಿಯನ್ನು ಎಲ್ಲಿ ತುಂಡು ಮಾಡಬೇಕು?

ರೆಡಿಸ್ ಎಂಬ ಡೇಟಾಬೇಸ್ ಹುಟ್ಟಿದ್ದೇ ಪಟ್ಟಿಗಳ ಕಾಟದಿಂದ. ಸಿಸಿಲಿಯ ಪ್ರೋಗ್ರಾಮರ್ ಸಾಲ್ವತೋರೆ ಸಾನ್‌ಫಿಲಿಪ್ಪೊ ಒಂದು ಸೇವೆ ನಡೆಸುತ್ತಿದ್ದರು: ನಿಮ್ಮ ವೆಬ್‌ಸೈಟ್‌ಗೆ ಈಗ ಯಾರು ಬಂದಿದ್ದಾರೆ, ಯಾವ ಪುಟ ನೋಡುತ್ತಿದ್ದಾರೆ ಎಂದು ಆಗಿಂದಾಗಲೇ ತೋರಿಸುವುದು. ಪ್ರತಿ ಸೈಟ್‌ಗೂ ಒಂದು ಪಟ್ಟಿ. ಹೊಸ ಭೇಟಿ ಬಂದರೆ ತಲೆಗೆ ಸೇರಬೇಕು, ಮಿತಿ ಮೀರಿದ ಹಳೆಯ ಭೇಟಿ ಬಾಲದಿಂದ ಉದುರಬೇಕು. ಇಷ್ಟು ಸಣ್ಣ ಕೆಲಸಕ್ಕೆ ಅವರ ಮೈಎಸ್‌ಕ್ಯುಎಲ್ ಡೇಟಾಬೇಸ್ ಏದುಸಿರು ಬಿಡತೊಡಗಿತು. ಕೊನೆಗೆ ಪಟ್ಟಿಗಳನ್ನು ನೇರವಾಗಿ ಮೆಮೊರಿಯಲ್ಲೇ ಇಟ್ಟುಕೊಳ್ಳುವ ಪುಟ್ಟ ಸರ್ವರ್ ಒಂದನ್ನು ತಾವೇ ಬರೆದು 2009ರಲ್ಲಿ ಹೊರಬಿಟ್ಟರು. ಅದರಲ್ಲಿ ‘ಎಲ್‌ಪುಶ್’ ಎಂದರೆ ತಲೆಗೆ ಸೇರಿಸು. ‘ಎಲ್‌ಟ್ರಿಮ್’ ಎಂದರೆ ಇಷ್ಟನ್ನು ಉಳಿಸಿಕೋ, ಮಿಕ್ಕಿದ್ದನ್ನು ಬಿಸಾಡು. ಸಮಸ್ಯೆ ಬಗೆಹರಿಯಿತು.

ಒಂದೇ ಯಂತ್ರದ ಮೆಮೊರಿಯಲ್ಲಿ ಹಿಡಿಸುವ ಪಟ್ಟಿಗಳ ಮಟ್ಟಿಗೆ ಬಗೆಹರಿಯಿತು ಎನ್ನಬೇಕು. ಆದರೆ ನಮ್ಮ ಫೋನಿನಲ್ಲಿ ಕಾಣುವ ಬಹುಪಾಲು ಸಂಗತಿಗಳು ಪಟ್ಟಿಗಳೇ. ಚಾಟ್ ಗುಂಪಿನ ಸಂದೇಶಗಳು, ಫೋಟೊಗೆ ಬಿದ್ದ ಲೈಕುಗಳು, ಹಿಂದೆ ಮಾಡಿದ ಆರ್ಡರ್‌ಗಳು, ಬ್ಯಾಂಕ್ ಆ್ಯಪ್ ತೋರಿಸುವ ಕೊನೆಯ ಹತ್ತು ವಹಿವಾಟು. ಕೋಟ್ಯಂತರ ಬಳಕೆದಾರರ ಇಂಥ ಪಟ್ಟಿಗಳು ಒಂದು ಯಂತ್ರದಲ್ಲಿ ಹಿಡಿಸುವುದಿಲ್ಲ. ಹತ್ತಾರು, ನೂರಾರು ಯಂತ್ರಗಳಿಗೆ ಹರಡಿದ ಕೀ-ವ್ಯಾಲ್ಯೂ ಡೇಟಾಬೇಸ್‌ಗಳಲ್ಲಿ ಇವನ್ನು ಇಡುತ್ತಾರೆ. ತಮಾಷೆಯೆಂದರೆ, ಆ ಡೇಟಾಬೇಸ್‌ಗಳ ಮೂಲ ವಿನ್ಯಾಸಕ್ಕೆ ಪಟ್ಟಿ ಎಂದರೆ ಏನೆಂದೇ ಗೊತ್ತಿಲ್ಲ.

ಅವು ನಡೆಯುವುದು ರೈಲು ನಿಲ್ದಾಣದ ಕ್ಲೋಕ್ ರೂಮಿನ ಹಾಗೆ. ಚೀಟಿ ಕೊಟ್ಟರೆ ಬ್ಯಾಗು ಸಿಗುತ್ತದೆ. ಒಳಗೇನಿದೆ ಎಂಬುದು ಕಾವಲಿನವನಿಗೆ ಬೇಡ. ಈಗ ಇಂಥ ಕೋಣೆಗಳು ನೂರು ಇವೆ ಎಂದುಕೊಳ್ಳಿ. ಯಾವ ಬ್ಯಾಗು ಯಾವ ಕೋಣೆಗೆ ಎಂಬುದನ್ನು ಚೀಟಿಯ ಸಂಖ್ಯೆಯನ್ನೇ ಗಣಿತದ ಒಂದು ಸೂತ್ರದಲ್ಲಿ ಕಲಸಿ ತೀರ್ಮಾನಿಸುತ್ತಾರೆ. ಈ ಕಲಸುವಿಕೆಗೆ ಹ್ಯಾಶಿಂಗ್ ಎನ್ನುತ್ತಾರೆ. ಕಲಸಿದ ಮೇಲೆ 101ನೇ ಚೀಟಿಯ ಬ್ಯಾಗೂ 102ನೇ ಚೀಟಿಯ ಬ್ಯಾಗೂ ಅಕ್ಕಪಕ್ಕದಲ್ಲಿ ಉಳಿಯುವುದಿಲ್ಲ. ಉಳಿಯಬಾರದು ಎಂಬುದೇ ಉದ್ದೇಶ, ಯಾಕೆಂದರೆ ಎಲ್ಲ ಕೋಣೆಗಳಿಗೂ ಹೊರೆ ಸಮನಾಗಿ ಹಂಚಿಕೆಯಾಗಬೇಕು. ಜೊತೆಗೆ ಪ್ರತಿ ಬ್ಯಾಗಿಗೂ ಮೂರು ಪ್ರತಿಗಳು, ಮೂರು ಬೇರೆ ಕೋಣೆಗಳಲ್ಲಿ. ಒಂದಕ್ಕೆ ಬೆಂಕಿ ಬಿದ್ದರೂ ಇನ್ನೆರಡು ಇರಲಿ ಎಂದು.

ಪಟ್ಟಿಗೆ ಬೇಕಾದದ್ದು ಸರಿಯಾಗಿ ಇದರ ವಿರುದ್ಧ. ಅಲ್ಲಿ ಒಂದಾದ ಮೇಲೊಂದು ಎಂಬ ಕ್ರಮವೇ ಜೀವಾಳ, ನೆರೆಹೊರೆಯೇ ಮುಖ್ಯ. ಹಂಚುವುದೇ ಕಸುಬಾದ ಜಾಗದಲ್ಲಿ ಒಟ್ಟಿಗಿರಬೇಕಾದ್ದನ್ನು ಇಡುವುದು ಹೇಗೆ?

ಮೊದಲು ಎಲ್ಲರಿಗೂ ಹೊಳೆಯುವ ದಾರಿ ಇಡೀ ಪಟ್ಟಿಯನ್ನು ಒಂದೇ ಬ್ಯಾಗಿಗೆ ತುಂಬುವುದು. ಬಳಕೆದಾರನ ಹೆಸರು ಕೀ, ಆತನ ಆರ್ಡರ್‌ಗಳೆಲ್ಲ ಸೇರಿ ವ್ಯಾಲ್ಯೂ. ಇಪ್ಪತ್ತು ಮೂವತ್ತು ನಮೂದುಗಳವರೆಗೆ ಇದಕ್ಕಿಂತ ಚೆಂದದ ದಾರಿಯಿಲ್ಲ. ಒಂದೇ ಓದಿಗೆ ಎಲ್ಲವೂ ಕೈಗೆ ಬರುತ್ತದೆ. ಇದನ್ನು ಮುಗ್ಧರ ದಾರಿ ಎಂದು ಹೀಗಳೆಯುವವರನ್ನು ನಾನು ನಂಬುವುದಿಲ್ಲ. ಪಟ್ಟಿ ಎಂದೂ ಬೆಳೆಯದು ಎಂಬ ಖಾತರಿ ಇದ್ದರೆ ಅಲ್ಲಿಗೇ ನಿಲ್ಲಿಸಿ ಮನೆಗೆ ಹೋಗಬಹುದು. ಬೆಳೆಯಿತೋ, ಲೆಕ್ಕ ಹದಗೆಡುತ್ತದೆ.

ಒಂದೊಂದು ನಮೂದು 100 ಬೈಟ್ ಎಂದಿಟ್ಟುಕೊಳ್ಳಿ. 10,000 ನಮೂದುಗಳಾದಾಗ ಪಟ್ಟಿಯ ಗಾತ್ರ 1 ಎಂಬಿ, ಅಂದರೆ ಏನೂ ಅಲ್ಲ. ಆದರೆ ಪ್ರತಿ ಸಲ ಒಂದು ನಮೂದು ಸೇರಿಸಲು ಇಡೀ ಬ್ಯಾಗನ್ನು ಹೊರತೆಗೆದು, ಸೇರಿಸಿ, ಮತ್ತೆ ಒಳಗಿಡಬೇಕು. ಮೊದಲ ಸಲ 100 ಬೈಟ್ ಬರೆದರೆ, ಎರಡನೇ ಸಲ 200, ಮೂರನೇ ಸಲ 300. ಹೀಗೆ ಹತ್ತು ಸಾವಿರದವರೆಗೆ ಕೂಡಿದರೆ ಬರೆದದ್ದು ಸುಮಾರು 5 ಜಿಬಿ! ಮೂರು ಪ್ರತಿಗಳಿಗೆ 15 ಜಿಬಿ. ಓದಿದ್ದರ ಲೆಕ್ಕ ಬೇರೆ. ಒಂದು ಎಂಬಿ ಸರಕಿಗೆ ಇಷ್ಟು ಸಾಗಣೆ. ಅಮೆಜಾನ್‌ನ ಡೈನಮೊಡಿಬಿ ಸೇವೆ ಒಂದು ಐಟಂಗೆ 400 ಕೆಬಿಯ ಮಿತಿ ಹಾಕಿದೆ. ಈ ಲೆಕ್ಕದಲ್ಲಿ ನಾಲ್ಕು ಸಾವಿರ ನಮೂದಿಗೆ ಬಾಗಿಲು ಬಂದ್. ಅದನ್ನು ಕಂಪನಿಯ ಜಿಪುಣತನ ಎಂದು ಬೈಯುವವರುಂಟು. ನನಗೆ ಅದು ಪುಣ್ಯದ ಕೆಲಸವೆಂದೇ ಕಾಣುತ್ತದೆ: ಕೆಟ್ಟ ವಿನ್ಯಾಸ ದೊಡ್ಡದಾಗುವ ಮೊದಲೇ ಗೋಡೆಗೆ ಹಾಯುತ್ತದೆ.

ಗಾತ್ರಕ್ಕಿಂತ ದೊಡ್ಡ ತಾಪತ್ರಯ ಇಬ್ಬರು ಒಟ್ಟಿಗೆ ಬರೆದಾಗ ಬರುತ್ತದೆ. ಗಂಡ ಬೆಂಗಳೂರಿನಿಂದ, ಹೆಂಡತಿ ಮೈಸೂರಿನಿಂದ ಒಂದೇ ಖಾತೆಯ ಶಾಪಿಂಗ್ ಕಾರ್ಟ್ ತೆರೆದಿದ್ದಾರೆ. ಇಬ್ಬರ ಮುಂದೆಯೂ ಮೂರು ವಸ್ತುಗಳಿವೆ. ಅವರು ಒಂದನ್ನು ಸೇರಿಸಿ ನಾಲ್ಕರ ಪಟ್ಟಿ ಬರೆಯುತ್ತಾರೆ, ಇವರು ಇನ್ನೊಂದನ್ನು ಸೇರಿಸಿ ನಾಲ್ಕರ ಪಟ್ಟಿ ಬರೆಯುತ್ತಾರೆ. ಕೊನೆಗೆ ಬರೆದದ್ದು ಉಳಿಯುವುದು ನಿಯಮವಾದರೆ, ಒಬ್ಬರ ವಸ್ತು ಸದ್ದಿಲ್ಲದೆ ಮಾಯ. ಈ ಕಾರ್ಟ್‌ನ ಸಮಸ್ಯೆ ನಾನು ಕಲ್ಪಿಸಿದ್ದಲ್ಲ. ಅಮೆಜಾನ್ ಎಂಜಿನಿಯರುಗಳು 2007ರಲ್ಲಿ ತಮ್ಮ ಡೈನಮೊ ಎಂಬ ಡೇಟಾಬೇಸ್ ಬಗ್ಗೆ ಪ್ರಕಟಿಸಿದ ಪ್ರಬಂಧದ ಮುಖ್ಯ ಉದಾಹರಣೆಯೇ ಅದು. ಅವರ ಪರಿಹಾರ ಹೀಗಿತ್ತು: ಡೇಟಾಬೇಸ್ ಯಾವುದನ್ನೂ ಎಸೆಯುವುದಿಲ್ಲ, ಎರಡು ಆವೃತ್ತಿಗಳು ಒಂದನ್ನೊಂದು ನೋಡದೆ ಬರೆದವು ಎಂದು ತಿಳಿದರೆ ಎರಡನ್ನೂ ಇಟ್ಟುಕೊಳ್ಳುತ್ತದೆ. ಮುಂದಿನ ಸಲ ಓದುವವರ ಕೈಗೆ ಎರಡನ್ನೂ ಕೊಟ್ಟು, ನೀವೇ ಕೂಡಿಸಿಕೊಳ್ಳಿ ಎನ್ನುತ್ತದೆ. ಕಾರ್ಟ್‌ನ ಪ್ರೋಗ್ರಾಮ್ ಎರಡೂ ಪಟ್ಟಿಗಳನ್ನು ಒಟ್ಟುಗೂಡಿಸುತ್ತದೆ. ಸೇರಿಸಿದ್ದು ಯಾವುದೂ ಕಳೆಯುವುದಿಲ್ಲ. ಆದರೆ ಒಬ್ಬರು ತೆಗೆದುಹಾಕಿದ್ದು ಇನ್ನೊಬ್ಬರ ಆವೃತ್ತಿಯಲ್ಲಿ ಉಳಿದಿದ್ದರೆ, ಕೂಡಿಸಿದಾಗ ಅದು ಮರಳಿ ಬಂದು ಕೂರುತ್ತದೆ. ಅಳಿಸಿದ ವಸ್ತುಗಳು ಕೆಲವೊಮ್ಮೆ ಮತ್ತೆ ಕಾಣಿಸಿಕೊಳ್ಳಬಹುದು ಎಂದು ಪ್ರಬಂಧ ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತದೆ. ಅಂಗಡಿಯವರ ದೃಷ್ಟಿಯಲ್ಲಿ ಇದು ಸರಿಯಾದ ಪಕ್ಷಪಾತವೇ: ಗಿರಾಕಿ ಆರಿಸಿದ್ದು ಕಳೆಯುವುದಕ್ಕಿಂತ ಬೇಡವೆಂದದ್ದು ಉಳಿಯುವುದು ಮೇಲು.

ಮುಂದೆ 2011ರಲ್ಲಿ ಮಾರ್ಕ್ ಶಪೀರೊ ಮತ್ತು ಸಂಗಡಿಗರು ಸಿಆರ್‌ಡಿಟಿ ಎಂಬ ದತ್ತಾಂಶ ರಚನೆಗಳನ್ನು ಶಾಸ್ತ್ರೀಯವಾಗಿ ವಿವರಿಸಿದರು. ಎರಡು ಪ್ರತಿಗಳು ಯಾವ ಕ್ರಮದಲ್ಲಿ ಕೂಡಿದರೂ ಒಂದೇ ಉತ್ತರ ಬರಬೇಕು, ಅಳಿಸಿದ್ದು ಅಳಿದೇ ಇರಬೇಕು, ಅದೂ ಯಾರ ಮಧ್ಯಸ್ಥಿಕೆಯೂ ಇಲ್ಲದೆ. ರಿಯಾಕ್ ಎಂಬ ಡೇಟಾಬೇಸ್ 2014ರ ತನ್ನ 2.0 ಆವೃತ್ತಿಯಲ್ಲಿ ಇಂಥ ಸೆಟ್‌ಗಳನ್ನು, ಅಂದರೆ ಕ್ರಮದ ಹಂಗಿಲ್ಲದ ಪಟ್ಟಿಗಳನ್ನು, ಕೊಟ್ಟಿತು. ಜಗಳ ತೀರಿತು, ಭಾರ ತೀರಲಿಲ್ಲ. ಒಳಗೆ ಇಡೀ ಸೆಟ್ ಇನ್ನೂ ಒಂದೇ ಬ್ಯಾಗಿನಲ್ಲಿತ್ತು. ಒಂದು ಹೆಸರು ಸೇರಿಸಲು ಮತ್ತೆ ಎಲ್ಲವನ್ನೂ ಹೊತ್ತು ತರಬೇಕಿತ್ತು. ಸೆಟ್ ದೊಡ್ಡದಾದಷ್ಟೂ ಬರವಣಿಗೆ ನಿಧಾನ. ಅದೇ ರಿಯಾಕ್‌ನ ಎಂಜಿನಿಯರುಗಳು 2016ರಲ್ಲಿ ಬರೆದ ಪ್ರಬಂಧದಲ್ಲಿ ಸೆಟ್ ಅನ್ನು ಬಿಚ್ಚಿ, ಒಂದೊಂದು ಸದಸ್ಯನಿಗೂ ಒಂದೊಂದು ಕೀ ಕೊಟ್ಟರೆ ಹೇಗೆ ಎಂದು ತೋರಿಸಿದರು. ಎಷ್ಟೇ ಜಾಣ ಗಣಿತ ತಂದರೂ ಪಟ್ಟಿಯನ್ನು ಎಲ್ಲಿ ತುಂಡು ಮಾಡುವುದು ಎಂಬ ಪ್ರಶ್ನೆಗೆ ಮರಳಿ ಬರಲೇಬೇಕಾಯಿತು.

ಹಾಗಾದರೆ ಆ ತುದಿಗೇ ಹೋಗೋಣ: ಒಂದು ನಮೂದಿಗೆ ಒಂದು ಕೀ. ಸೇರಿಸುವುದು ಈಗ ನೀರು ಕುಡಿದಷ್ಟು ಸುಲಭ. ಹಳೆಯದನ್ನು ಓದಬೇಕಿಲ್ಲ, ಇಬ್ಬರು ಒಟ್ಟಿಗೆ ಬರೆದರೂ ಒಬ್ಬರದು ಇನ್ನೊಬ್ಬರ ಮೇಲೆ ಬೀಳುವುದಿಲ್ಲ. ಆದರೆ ಹ್ಯಾಶಿಂಗ್ ತನ್ನ ಧರ್ಮದಂತೆ ನಡೆದು ನಮೂದುಗಳನ್ನೆಲ್ಲ ನೂರು ಕೋಣೆಗಳಿಗೆ ಎರಚಿರುತ್ತದೆ. ಕೊನೆಯ 50 ಸಂದೇಶ ಕೊಡು ಎಂದರೆ ನೂರೂ ಬಾಗಿಲು ತಟ್ಟಬೇಕು. ಎಲ್ಲಕ್ಕಿಂತ ನಿಧಾನವಾದ ಬಾಗಿಲು ತೆರೆಯುವವರೆಗೆ ಬಳಕೆದಾರ ಚಕ್ರ ತಿರುಗುವುದನ್ನೇ ನೋಡುತ್ತಿರಬೇಕು.

ಇದಕ್ಕೆ ಕಂಡುಕೊಂಡ ಉಪಾಯ ಸರಳವಾದದ್ದು, ಮತ್ತು ನನ್ನ ಪ್ರಕಾರ ಈ ಇಡೀ ಕ್ಷೇತ್ರದ ಅತಿ ಉಪಯುಕ್ತ ಉಪಾಯ: ಕೀಯನ್ನೇ ಎರಡು ಭಾಗ ಮಾಡುವುದು. ಮೊದಲ ಭಾಗವನ್ನು ಮಾತ್ರ ಹ್ಯಾಶಿಂಗ್‌ಗೆ ಒಪ್ಪಿಸಿ, ಎರಡನೆಯದನ್ನು ಹಾಗೇ ಬಿಡುವುದು. ಮೊದಲ ಭಾಗ ಒಂದೇ ಆಗಿರುವ ನಮೂದುಗಳೆಲ್ಲ ಒಂದೇ ಯಂತ್ರಕ್ಕೆ ಹೋಗುತ್ತವೆ. ಅಲ್ಲಿ ಎರಡನೇ ಭಾಗದ ಪ್ರಕಾರ ಸಾಲಾಗಿ ನಿಲ್ಲುತ್ತವೆ. ಮೊದಲನೆಯದು ಪಾರ್ಟಿಷನ್ ಕೀ. ಎರಡನೆಯದನ್ನು ಡೈನಮೊಡಿಬಿಯಲ್ಲಿ ಸಾರ್ಟ್ ಕೀ ಎಂದೂ ಕಸಾಂಡ್ರದಲ್ಲಿ ಕ್ಲಸ್ಟರಿಂಗ್ ಕೀ ಎಂದೂ ಕರೆಯುತ್ತಾರೆ. ಡೈನಮೊ ಪ್ರಬಂಧದ ಲೇಖಕರಲ್ಲಿ ಒಬ್ಬರಾದ ಅವಿನಾಶ್ ಲಕ್ಷ್ಮಣ್ ಆಮೇಲೆ ಫೇಸ್‌ಬುಕ್‌ನಲ್ಲಿ ಪ್ರಶಾಂತ್ ಮಲಿಕ್ ಅವರೊಂದಿಗೆ ಕಟ್ಟಿದ್ದೇ ಕಸಾಂಡ್ರ. ಯಂತ್ರಗಳಿಗೆ ಹಂಚುವ ವಿದ್ಯೆ ಡೈನಮೊದ್ದು, ಒಳಗೆ ಸಾಲಾಗಿ ಜೋಡಿಸುವ ವಿದ್ಯೆ ಗೂಗಲ್‌ನ ಬಿಗ್‌ಟೇಬಲ್ ಎಂಬ ಡೇಟಾಬೇಸ್‌ನದ್ದು. ಮೊದಲ ಬಳಕೆ ಇನ್‌ಬಾಕ್ಸ್‌ನಲ್ಲಿ ಹುಡುಕುವುದಕ್ಕೆ, ಅಂದರೆ ಯಾವ ಪದ ಯಾವ ಸಂದೇಶಗಳಲ್ಲಿದೆ ಎಂಬ ಪಟ್ಟಿಗಳನ್ನು ಇಡುವುದಕ್ಕೆ. 2008ರಲ್ಲಿ ಅದನ್ನು ಎಲ್ಲರಿಗೂ ಮುಕ್ತವಾಗಿ ಬಿಟ್ಟರು.

ಇಲ್ಲಿಂದ ಮುಂದೆ ವಿನ್ಯಾಸಕಾರನ ಜಾಣ್ಮೆಯೆಲ್ಲ ಕೀ ಬರೆಯುವುದರಲ್ಲೇ ಇದೆ. ಮೊದಲ ಭಾಗದಲ್ಲಿ ಏನಿಡಬೇಕು, ಎರಡನೆಯದರಲ್ಲಿ ಏನಿಡಬೇಕು? ಅದಕ್ಕೆ ಉತ್ತರ ಪಟ್ಟಿಯಲ್ಲಿ ಸಿಗುವುದಿಲ್ಲ. ಆ ಪಟ್ಟಿಗೆ ಜನ ಯಾವ ಪ್ರಶ್ನೆ ಕೇಳುತ್ತಾರೆ ಎಂಬುದರಲ್ಲಿ ಸಿಗುತ್ತದೆ. ಹಳೆಯ ಡೇಟಾಬೇಸ್ ಪಾಠಗಳಲ್ಲಿ ಮೊದಲು ಮಾಹಿತಿಯನ್ನು ಚೊಕ್ಕವಾಗಿ ಜೋಡಿಸು, ಪ್ರಶ್ನೆ ಆಮೇಲೆ ಕೇಳಿಕೊಳ್ಳಬಹುದು ಎಂದು ಕಲಿಸುತ್ತಿದ್ದರು. ಇಲ್ಲಿ ಪ್ರಶ್ನೆಯೇ ಮೊದಲು. ಪ್ರಶ್ನೆ ಬದಲಾದರೆ ಇಡೀ ಪಟ್ಟಿಯನ್ನು ಇನ್ನೊಂದು ಕೀಯಲ್ಲಿ ಮತ್ತೆ ಬರೆದಿಡಬೇಕು.

ಎರಡನೇ ಭಾಗದ ವಿಚಾರ ಮೊದಲು ನೋಡೋಣ. ಪಟ್ಟಿಯಲ್ಲಿ ಒಂದನೆಯದು, ಎರಡನೆಯದು ಎಂದು ಕ್ರಮಸಂಖ್ಯೆ ಕೊಡಬಹುದಲ್ಲ? ಕೊಡಬಹುದು, ಆದರೆ ಮುಂದಿನ ಸಂಖ್ಯೆ ಯಾವುದು ಎಂದು ಹೇಳುವವರು ಯಾರು? ಪ್ರತಿ ಬರಹಕ್ಕೂ ಒಂದೇ ಕಡೆ ಹೋಗಿ ಟೋಕನ್ ತೆಗೆದುಕೊಂಡು ಬರಬೇಕು ಎಂದಾದರೆ ನೂರು ಯಂತ್ರ ಇಟ್ಟುಕೊಂಡು ಪ್ರಯೋಜನವೇನು? ಈ ತೊಡಕಿಗೆ ಟ್ವಿಟರ್ 2010ರಲ್ಲಿ ಸ್ನೋಫ್ಲೇಕ್ ಎಂಬ ಗುರುತುಸಂಖ್ಯೆಯ ಪದ್ಧತಿ ತಂದಿತು. 64 ಬಿಟ್‌ನ ಒಂದು ಸಂಖ್ಯೆ. ಬಳಸದ ಒಂದು ಬಿಟ್ ಬಿಟ್ಟರೆ, ಅದರ ಎಡಭಾಗದ 41 ಬಿಟ್‌ಗಳಲ್ಲಿ ಮಿಲಿಸೆಕೆಂಡಿನ ಲೆಕ್ಕದ ಸಮಯ, ನಂತರದ 10 ಬಿಟ್‌ಗಳಲ್ಲಿ ಸಂಖ್ಯೆ ಕೊಟ್ಟ ಯಂತ್ರದ ಗುರುತು, ಕೊನೆಯ 12 ಬಿಟ್‌ಗಳಲ್ಲಿ ಅದೇ ಮಿಲಿಸೆಕೆಂಡಿನೊಳಗಿನ ಸರದಿ. ಒಂದು ಯಂತ್ರ ಒಂದು ಮಿಲಿಸೆಕೆಂಡಿಗೆ 4,096 ಸಂಖ್ಯೆಗಳನ್ನು ಯಾರನ್ನೂ ಕೇಳದೆ ಹಂಚಬಹುದು. ಸಮಯ ಎಡತುದಿಯಲ್ಲಿ ಇರುವುದರಿಂದ, ಸಂಖ್ಯೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದರೆ ಹೆಚ್ಚುಕಡಿಮೆ ಕಾಲಕ್ರಮವೇ ಸಿಗುತ್ತದೆ. ಹೆಚ್ಚುಕಡಿಮೆ ಎಂದದ್ದು ಬೇಕೆಂದೇ. ಎರಡು ಯಂತ್ರಗಳ ಗಡಿಯಾರ ಒಂದೆರಡು ಮಿಲಿಸೆಕೆಂಡು ಆಚೀಚೆ ಇದ್ದರೆ ಎರಡು ಸಂದೇಶ ಅದಲುಬದಲಾಗಬಹುದು. ಚಾಟ್‌ನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಬ್ಯಾಂಕಿನ ಲೆಡ್ಜರ್‌ಗೆ ಇದೇ ಸಾಕು ಎನ್ನುವವರ ಬ್ಯಾಂಕಿನಲ್ಲಿ ನಾನು ದುಡ್ಡು ಇಡಲಾರೆ.

ಕಸಾಂಡ್ರದಲ್ಲಿ ‘ಲಿಸ್ಟ್’ ಎಂಬ ಹೆಸರಿನ ಸಿದ್ಧ ಮಾದರಿಯೂ ಇದೆ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಹೆಸರು ನೋಡಿ ಮರುಳಾಗುವವರು ಬಹಳ. ಅದರ ತುದಿಗೆ ಒಂದು ನಮೂದು ಸೇರಿಸು ಎಂದು ಕಳಿಸುತ್ತೀರಿ; ಉತ್ತರ ಬರುವಷ್ಟರಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ. ಬರೆದಾಯಿತೋ ಇಲ್ಲವೋ ತಿಳಿಯದೆ ಮತ್ತೆ ಕಳಿಸುತ್ತೀರಿ. ಮೊದಲನೆಯದೂ ತಲುಪಿದ್ದರೆ ಈಗ ಅದೇ ನಮೂದು ಎರಡು ಸಲ ಇದೆ. ನೀವೇ ಗುರುತುಸಂಖ್ಯೆ ಕೊಟ್ಟು ಬರೆದಿದ್ದರೆ ಎರಡನೇ ಬರಹ ಮೊದಲನೆಯದರ ಮೇಲೇ ಕೂತು ಏನೂ ಆಗುತ್ತಿರಲಿಲ್ಲ. ಇನ್ನು ‘ಐದನೇ ನಮೂದನ್ನು ಬದಲಿಸು’ ಎಂದರೆ ಐದನೆಯದು ಯಾವುದೆಂದು ತಿಳಿಯಲು ಡೇಟಾಬೇಸ್ ಮೊದಲು ಓದಬೇಕಾಗುತ್ತದೆ. ಸಾಧ್ಯವಾದಾಗಲೆಲ್ಲ ಲಿಸ್ಟ್ ಬಿಟ್ಟು ಸೆಟ್ ಬಳಸಿ ಎಂದು ಕಸಾಂಡ್ರದ ಕೈಪಿಡಿಯೇ ಸಲಹೆ ಕೊಡುತ್ತದೆ.

ಈಗ ಕೀಯ ಮೊದಲ ಭಾಗಕ್ಕೆ, ಅಂದರೆ ಎಲ್ಲಿ ತುಂಡು ಮಾಡಬೇಕು ಎಂಬುದಕ್ಕೆ ಬರೋಣ. ಇದನ್ನು ಗಾಳಿಯಲ್ಲಿ ಹೇಳುವುದಕ್ಕಿಂತ ಡಿಸ್ಕಾರ್ಡ್ ಕಂಪನಿಯ ಕಥೆ ಹೇಳುವುದು ಲೇಸು. ಅದರ ಎಂಜಿನಿಯರುಗಳು ತಮ್ಮ ಪಾಡನ್ನು 2017ರಲ್ಲಿ ಒಮ್ಮೆ, 2023ರಲ್ಲಿ ಇನ್ನೊಮ್ಮೆ ಬಿಚ್ಚಿಟ್ಟಿದ್ದಾರೆ. ವಿಡಿಯೊ ಗೇಮ್ ಆಡುವವರ ನಡುವೆ ಬೆಳೆದ ಚಾಟ್ ಸೇವೆ ಅದು. 2015ರಲ್ಲಿ ಶುರುವಾದಾಗ ಎಲ್ಲ ಸಂದೇಶಗಳೂ ಮೊಂಗೊಡಿಬಿ ಎಂಬ ಡೇಟಾಬೇಸ್‌ನಲ್ಲಿದ್ದವು. ಅದೇ ವರ್ಷ ನವೆಂಬರ್ ಹೊತ್ತಿಗೆ ಸಂದೇಶಗಳು 10 ಕೋಟಿ ತಲುಪಿ, ಮಾಹಿತಿಯೂ ಅದರ ಸೂಚಿಯೂ ಮೆಮೊರಿಯಲ್ಲಿ ಹಿಡಿಸದಂತಾಯಿತು. ಯಾವ ಚಾನೆಲ್, ಅಂದರೆ ಯಾವ ಮಾತುಕತೆಯ ಗುಂಪು, ಯಾವಾಗ ತಡವಾಗುತ್ತದೆ ಎಂದು ಹೇಳುವಂತಿರಲಿಲ್ಲ. ಕಸಾಂಡ್ರಕ್ಕೆ ಹೋಗೋಣ ಎಂದು ತೀರ್ಮಾನಿಸಿದರು.

ಅಲ್ಲಿ ಕೇಳುವ ಪ್ರಶ್ನೆ ಸ್ಪಷ್ಟವಿತ್ತು: ಈ ಚಾನೆಲ್‌ನ ಇತ್ತೀಚಿನ ಸಂದೇಶಗಳು ಯಾವುವು? ಹಾಗಾಗಿ ಚಾನೆಲ್‌ನ ಗುರುತು ಮೊದಲ ಭಾಗ, ಸ್ನೋಫ್ಲೇಕ್ ಮಾದರಿಯ ಸಂದೇಶಸಂಖ್ಯೆ ಎರಡನೇ ಭಾಗ, ಜೋಡಣೆ ದೊಡ್ಡದರಿಂದ ಚಿಕ್ಕದಕ್ಕೆ. ಹಳೆಯ ಸಂದೇಶಗಳನ್ನು ಹೊಸ ಡೇಟಾಬೇಸ್‌ಗೆ ತುಂಬುವಾಗಲೇ ಎಚ್ಚರಿಕೆಗಳು ಬರತೊಡಗಿದವು: ಪಾರ್ಟಿಷನ್‌ಗಳು, ಅಂದರೆ ಕೀಯ ಮೊದಲ ಭಾಗ ಒಂದೇ ಆಗಿರುವ ನಮೂದುಗಳ ಗುಂಪುಗಳು, 100 ಎಂಬಿ ದಾಟುತ್ತಿವೆ. ಕಾಗದದ ಮೇಲೆ ಒಂದು ಪಾರ್ಟಿಷನ್ 2 ಜಿಬಿವರೆಗೆ ಇರಬಹುದು. ಆದರೆ ಅಷ್ಟು ದೊಡ್ಡದಾದರೆ ಡಿಸ್ಕಿನ ಕಡತಗಳನ್ನು ಒಟ್ಟುಗೂಡಿಸಿ ಅಡಕ ಮಾಡುವ ಕಾಂಪ್ಯಾಕ್ಷನ್ ಕೆಲಸದಲ್ಲಿ ಯಂತ್ರಕ್ಕೆ ಉಸಿರು ಕಟ್ಟುತ್ತದೆ. ಒಂದು ಚಾನೆಲ್ ವರ್ಷಗಟ್ಟಲೆ ಬದುಕುತ್ತದೆ; ಒಂದೇ ಪಾರ್ಟಿಷನ್ ಅಷ್ಟೂ ಕಾಲ ಊದುತ್ತಲೇ ಹೋಗುತ್ತದೆ.

ಅವರು ಕಾಲವನ್ನು ಹಿಡಿದು ಕತ್ತರಿಸಿದರು. ತಮ್ಮ ಅತಿ ದೊಡ್ಡ ಚಾನೆಲ್‌ಗಳನ್ನು ಅಳೆದು ನೋಡಿದಾಗ, ಹತ್ತು ದಿನಗಳ ಸಂದೇಶ 100 ಎಂಬಿಯೊಳಗೆ ಆರಾಮವಾಗಿ ಕೂರುತ್ತದೆ ಎಂದು ಕಂಡಿತು. ಹಾಗಾಗಿ ಹತ್ತು ದಿನಕ್ಕೊಂದು ಬಕೆಟ್. ಚಾನೆಲ್ ಮತ್ತು ಬಕೆಟ್ ಸೇರಿ ಕೀಯ ಮೊದಲ ಭಾಗ. ಇದರಲ್ಲಿ ನನಗೆ ಮೆಚ್ಚುಗೆಯಾದ ಅಂಶವೆಂದರೆ, ಯಾವ ಸಂದೇಶ ಯಾವ ಬಕೆಟ್‌ನಲ್ಲಿದೆ ಎಂದು ಎಲ್ಲೂ ಬರೆದಿಡಬೇಕಿಲ್ಲ. ಸಂದೇಶಸಂಖ್ಯೆಯೊಳಗೇ ಸಮಯವಿದೆ, ಅದನ್ನು ಹತ್ತು ದಿನಗಳ ಮಿಲಿಸೆಕೆಂಡಿನಿಂದ ಭಾಗಿಸಿದರೆ ಬಕೆಟ್ ಸಂಖ್ಯೆ ಬಂತು. ಪಟ್ಟಿಯ ನಕ್ಷೆ ಗುರುತುಸಂಖ್ಯೆಯ ಹೊಟ್ಟೆಯಲ್ಲೇ ಇದೆ.

ನಷ್ಟವಾದದ್ದು ಯಾರಿಗೆ? ಸದ್ದಿಲ್ಲದ ಚಾನೆಲ್‌ಗಳಿಗೆ. ತಿಂಗಳಿಗೆ ಎರಡು ಮಾತು ಬೀಳುವ ಗುಂಪಿನಲ್ಲಿ ಕೊನೆಯ 50 ಸಂದೇಶ ಬೇಕೆಂದರೆ ಬಕೆಟ್ ಮೇಲೆ ಬಕೆಟ್ ತೆರೆಯುತ್ತಾ ಹಿಂದಕ್ಕೆ ಹೋಗಬೇಕು, ಬಹುತೇಕ ಖಾಲಿ. ಮಾತಿನಮಲ್ಲರ ಚಾನೆಲ್‌ನಲ್ಲಿ ಮೊದಲ ಬಕೆಟ್‌ನಲ್ಲೇ ಕೆಲಸ ಮುಗಿಯುತ್ತದೆ. ಹೆಚ್ಚು ತೆರೆಯುವುದು ಎರಡನೇ ಬಗೆಯದನ್ನೇ ಎಂದಾದರೆ ಈ ಕೊಡುಕೊಳ್ಳುವಿಕೆ ಸರಿ, ಅವರ ಅನುಭವದಲ್ಲೂ ಸರಿಹೋಯಿತು. ಕಾಲದ ಬದಲು ಎಣಿಕೆ ಹಿಡಿದು, ನೂರು ನಮೂದಿಗೊಂದು ತುಂಡು ಎಂದು ಕತ್ತರಿಸುವ ದಾರಿಯೂ ಇದೆ. ಮೇಲಿನ 10,000 ನಮೂದುಗಳ ಲೆಕ್ಕವನ್ನೇ ತೆಗೆದುಕೊಂಡರೆ, ಸೇರಿಸುವಾಗ ತುದಿಯ ತುಂಡನ್ನಷ್ಟೇ ಮತ್ತೆ ಬರೆಯಬೇಕು. 5 ಜಿಬಿಯ ಜಾಗದಲ್ಲಿ ಸುಮಾರು 50 ಎಂಬಿ ಸಾಕು. ರೆಡಿಸ್ ತನ್ನ ಮೆಮೊರಿಯೊಳಗೆ ಮಾಡುವುದೂ ಇದನ್ನೇ. ಮೊದಲು ಅಲ್ಲಿ ದೊಡ್ಡ ಪಟ್ಟಿಯ ಪ್ರತಿ ನಮೂದಿಗೂ ಹಿಂದಿನದು, ಮುಂದಿನದು, ತನ್ನದು ಎಂದು ಮೂರು ವಿಳಾಸಗಳು, 24 ಬೈಟ್ ಬರಿಯ ಕೊಂಡಿಗೇ ಖರ್ಚು. 2016ರ 3.2 ಆವೃತ್ತಿಯಿಂದ ‘ಕ್ವಿಕ್‌ಲಿಸ್ಟ್’ ಬಂತು: ನಮೂದುಗಳನ್ನು ಒತ್ತೊತ್ತಾಗಿ ತುಂಬಿದ, ಸಾಮಾನ್ಯವಾಗಿ 8 ಕೆಬಿಯ ತುಂಡುಗಳು, ತುಂಡಿಗೊಂದು ಕೊಂಡಿ. ಆದರೆ ಹಲವು ಯಂತ್ರಗಳ ಲೋಕದಲ್ಲಿ ಎಣಿಕೆಯ ತುಂಡಿಗೆ ಒಂದು ಬಾಧೆಯಿದೆ: ಈಗ ತುಂಬುತ್ತಿರುವ ತುಂಡು ಯಾವುದು ಎಂದು ಯಾರಾದರೂ ನೆನಪಿಟ್ಟಿರಬೇಕು, ಇಬ್ಬರು ಒಟ್ಟಿಗೆ ಅದನ್ನು ತುಂಬಲು ಬಂದರೆ ಮತ್ತೆ ಕಾರ್ಟ್‌ನ ಜಗಳವೇ. ಗಡಿಯಾರವನ್ನು ಯಾರೂ ಕೇಳಬೇಕಿಲ್ಲ.

ಸೇರಿಸುವ ಮಾತಾಯಿತು. ಅಳಿಸುವುದು ಇದಕ್ಕಿಂತ ದುಬಾರಿ, ಮತ್ತು ಯಾರೂ ಮೊದಲೇ ಯೋಚಿಸದ ವಿಷಯ. ಮೂರು ಪ್ರತಿಗಳಲ್ಲಿ ಒಂದನ್ನಿಟ್ಟ ಯಂತ್ರ ಕೆಟ್ಟು ನಿಂತಿರುವಾಗ ನೀವು ಒಂದು ಸಂದೇಶ ಅಳಿಸುತ್ತೀರಿ. ಉಳಿದೆರಡು ಯಂತ್ರಗಳು ಅದನ್ನು ಗುರುತೂ ಇಲ್ಲದಂತೆ ಒರೆಸಿಬಿಟ್ಟರೆ, ಕೆಟ್ಟ ಯಂತ್ರ ಎದ್ದು ಬಂದಾಗ ‘ನನ್ನ ಬಳಿ ಒಂದು ಸಂದೇಶ ಇದೆ, ನಿಮ್ಮಲ್ಲಿಲ್ಲವಲ್ಲ, ತಗೊಳ್ಳಿ’ ಎಂದು ಹಂಚಿಬಿಡುತ್ತದೆ. ಸತ್ತದ್ದು ಎದ್ದು ಬಂತು. ಇದನ್ನು ತಡೆಯಲು ಕಸಾಂಡ್ರ ಅಳಿಸುವುದಿಲ್ಲ. ‘ಇದು ಅಳಿದಿದೆ’ ಎಂಬ ಗುರುತನ್ನು ಬರೆಯುತ್ತದೆ. ಟೂಂಬ್‌ಸ್ಟೋನ್ ಎಂದು ಅದರ ಹೆಸರು. ರೂಢಿಯಂತೆ ಅದರ ಆಯುಸ್ಸು 10 ದಿನ. ಅಷ್ಟರೊಳಗೆ ಎಲ್ಲ ಪ್ರತಿಗಳಿಗೂ ಸುದ್ದಿ ಮುಟ್ಟಿರುತ್ತದೆ ಎಂಬ ನಂಬಿಕೆ. ಅಲ್ಲಿಯವರೆಗೆ ಪಟ್ಟಿ ಓದುವ ಪ್ರತಿಯೊಬ್ಬರೂ ಆ ಗುರುತುಗಳನ್ನೆಲ್ಲ ದಾಟಿಕೊಂಡೇ ಹೋಗಬೇಕು.

ಡಿಸ್ಕಾರ್ಡ್‌ನಲ್ಲಿ ಕಸಾಂಡ್ರ ಬಂದು ಸುಮಾರು ಆರು ತಿಂಗಳಾದಾಗ ಡೇಟಾಬೇಸ್ ಇದ್ದಕ್ಕಿದ್ದಂತೆ ತೂಕಡಿಸತೊಡಗಿತು. ಹುಡುಕುತ್ತಾ ಹೋದರೆ ಸಿಕ್ಕಿದ್ದು ‘ಪಝಲ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟದ ಅಭಿಮಾನಿಗಳ ಒಂದು ಚಾನೆಲ್. ಅದು ತೆರೆಯಲು 20 ಸೆಕೆಂಡು ಹಿಡಿಯುತ್ತಿತ್ತು. ತೆರೆದು ನೋಡಿದರೆ ಅಲ್ಲಿದ್ದದ್ದು ಒಂದೇ ಒಂದು ಸಂದೇಶ! ಯಾರೋ ಪ್ರೋಗ್ರಾಮ್ ಬರೆದು ಲಕ್ಷಾಂತರ ಸಂದೇಶಗಳನ್ನು ಅಳಿಸಿ ಒಂದನ್ನು ಮಾತ್ರ ಬಿಟ್ಟಿದ್ದರು. ಆ ಒಂದನ್ನು ತಲುಪಲು ಕಸಾಂಡ್ರ ಲಕ್ಷಾಂತರ ಗುರುತುಗಳನ್ನು ಮೆಮೊರಿಗೆ ಎಳೆದು ಎಣಿಸುತ್ತಿತ್ತು; ಮೆಮೊರಿ ತುಂಬಿ ಕಸ ಗುಡಿಸುವುದರಲ್ಲೇ ಯಂತ್ರ ಸುಸ್ತು. ಅವರು ಟೂಂಬ್‌ಸ್ಟೋನ್‌ಗಳ ಆಯುಸ್ಸನ್ನು 10ರಿಂದ 2 ದಿನಕ್ಕೆ ಇಳಿಸಿದರು, ಯಾಕೆಂದರೆ ಪ್ರತಿಗಳನ್ನು ತಾಳೆ ನೋಡುವ ರಿಪೇರಿ ಕೆಲಸ ಹೇಗೂ ಪ್ರತಿ ರಾತ್ರಿ ನಡೆಯುತ್ತಿತ್ತು. ಖಾಲಿ ಬಕೆಟ್ ಯಾವುವೆಂದು ನೆನಪಿಟ್ಟು ಮುಂದಿನ ಸಲ ಅವುಗಳ ಗೋಜಿಗೇ ಹೋಗದಂತೆ ಮಾಡಿದರು.

ಅದೇ ವಿನ್ಯಾಸದಲ್ಲಿ ಇನ್ನೊಂದು ಸೂಕ್ಷ್ಮ ಸೋರಿಕೆಯೂ ಇತ್ತು. ಸಂದೇಶದ ಕೋಷ್ಟಕದಲ್ಲಿ 16 ಕಾಲಂಗಳು. ಸಾಮಾನ್ಯ ಸಂದೇಶದಲ್ಲಿ ತುಂಬಿರುವುದು ನಾಲ್ಕು. ಉಳಿದ ಹನ್ನೆರಡಕ್ಕೆ ‘ಖಾಲಿ’ ಎಂದು ಬರೆಯುತ್ತಿದ್ದರು. ಕಸಾಂಡ್ರಕ್ಕೆ ಖಾಲಿ ಎಂದು ಬರೆಯುವುದೂ ಅಳಿಸುವುದೂ ಒಂದೇ. ಅಂದರೆ ಒಂದು ‘ಹಾಯ್’ ಕಳಿಸಿದರೆ ಹನ್ನೆರಡು ಟೂಂಬ್‌ಸ್ಟೋನ್. ತುಂಬಿದ್ದನ್ನು ಮಾತ್ರ ಬರೆದರೆ ಸಾಕಿತ್ತು, ಹಾಗೇ ಮಾಡಿದರು.

ಕ್ಯೂಗಳನ್ನು ಇಂಥ ಡೇಟಾಬೇಸ್‌ನಲ್ಲಿ ಇಡಬೇಡಿ ಎಂದು ಬಲ್ಲವರು ಹೇಳುವುದಕ್ಕೂ ಇದೇ ಕಾರಣ. ತಲೆಯಿಂದ ತೆಗೆಯುತ್ತಾ ಬಾಲಕ್ಕೆ ಸೇರಿಸುವ ಪಟ್ಟಿಯಲ್ಲಿ ತಲೆಯ ಕಡೆ ಯಾವಾಗಲೂ ಅಳಿದವುಗಳ ರಾಶಿ.

ಅಳಿಸುವ ಖರ್ಚು ತಪ್ಪಿಸಲು ಎಲ್ಲಕ್ಕಿಂತ ಅಗ್ಗದ ಉಪಾಯ, ಪಟ್ಟಿಗೆ ಮೊದಲೇ ಮೇಲ್ಮಿತಿ ಹಾಕುವುದು. ಟ್ವಿಟರ್ ಒಂದು ಕಾಲಕ್ಕೆ ಪ್ರತಿ ಬಳಕೆದಾರನ ಟೈಮ್‌ಲೈನನ್ನು ರೆಡಿಸ್‌ನಲ್ಲಿ ಸಿದ್ಧವಾಗಿ ಇಡುತ್ತಿತ್ತು, 800 ನಮೂದುಗಳವರೆಗೆ ಮಾತ್ರ. ಫೇಸ್‌ಬುಕ್‌ನ ಟಾವೊ ವ್ಯವಸ್ಥೆ, 2013ರ ಅದರ ಪ್ರಬಂಧದ ಪ್ರಕಾರ, ಒಂದು ಸಂಬಂಧದ ಪಟ್ಟಿಯಿಂದ ಒಂದು ಪ್ರಶ್ನೆಗೆ ಸಾಮಾನ್ಯವಾಗಿ 6,000ಕ್ಕಿಂತ ಹೆಚ್ಚು ಕೊಡುವುದಿಲ್ಲ. ಒಟ್ಟು ಎಷ್ಟು ಲೈಕ್ ಎಂಬ ಸಂಖ್ಯೆಗೆ ಅಲ್ಲಿ ಪ್ರತ್ಯೇಕ ಪ್ರಶ್ನೆಯೇ ಇದೆ. ಪಟ್ಟಿಯನ್ನು ಎಣಿಸುತ್ತಾ ಕೂರುವುದಿಲ್ಲ. ಹಳೆಯದನ್ನು ನೋಡಲು ಯಾರೂ ಅಷ್ಟು ಕೆಳಗೆ ಬೆರಳು ಜಾರಿಸುವುದಿಲ್ಲ ಎಂದು ಲೆಕ್ಕ ಹಾಕಿ ಧೈರ್ಯ ಮಾಡಿದ್ದಾರೆ. ಮ್ಯಾನೇಜರ್ ‘ಎಲ್ಲವೂ ಇರಲಿ, ಯಾವಾಗ ಬೇಕಾಗುತ್ತದೋ’ ಎಂದಾಗ ಇಲ್ಲ ಎನ್ನುವ ಧೈರ್ಯವೂ ಇದರ ಜೊತೆ ಬೇಕು.

ಡಿಸ್ಕಾರ್ಡ್‌ಗೆ ಮಿತಿ ಹಾಕುವ ಅನುಕೂಲ ಇರಲಿಲ್ಲ. ಹಳೆಯ ಮಾತೆಲ್ಲ ಸಿಗಬೇಕೆಂಬುದೇ ಅದರ ಸೇವೆ. 2017ರಲ್ಲಿ 12 ಇದ್ದ ಕಸಾಂಡ್ರ ಯಂತ್ರಗಳು 2022ರ ಆರಂಭಕ್ಕೆ 177 ಆಗಿದ್ದವು. ತುಂಡುಗಳು ಸರಿಯಾಗಿದ್ದರೂ ಎಲ್ಲ ತುಂಡುಗಳ ಮೇಲೂ ಬೇಡಿಕೆ ಒಂದೇ ಸಮ ಇರಲಿಲ್ಲ. ಲಕ್ಷ ಜನರಿರುವ ಗುಂಪಿನಲ್ಲಿ ‘ಎಲ್ಲರೂ ನೋಡಿ’ ಎಂದು ಒಂದು ಪ್ರಕಟಣೆ ಬಿದ್ದರೆ ಅಷ್ಟೂ ಜನ ಒಂದೇ ಪಾರ್ಟಿಷನ್ ಮೇಲೆ ಮುಗಿಬೀಳುತ್ತಾರೆ. ಇದಕ್ಕೆ ಪಟ್ಟಿಯನ್ನು ಇನ್ನೂ ಚೂರು ಮಾಡಿ ಪ್ರಯೋಜನವಿಲ್ಲ, ಎಲ್ಲರಿಗೂ ಬೇಕಿರುವುದು ಅದೇ ಒಂದು ಚೂರು. ಅವರು ಡೇಟಾಬೇಸ್‌ನ ಮುಂದೆ ರಸ್ಟ್ ಭಾಷೆಯಲ್ಲಿ ಬರೆದ ಒಂದು ಸೇವೆಯನ್ನು ನಿಲ್ಲಿಸಿದರು. ಒಂದೇ ಸಂದೇಶವನ್ನು ಒಂದೇ ಹೊತ್ತಿಗೆ ಎಷ್ಟು ಜನ ಕೇಳಿದರೂ ಅದು ಒಳಗೆ ಒಂದೇ ಸಲ ಕೇಳಿ, ಬಂದ ಉತ್ತರವನ್ನು ಎಲ್ಲರಿಗೂ ಹಂಚುತ್ತದೆ.

ಆಮೇಲೆ ಕಸಾಂಡ್ರವನ್ನೇ ಬಿಟ್ಟು, ಅದರಂತೆಯೇ ನಡೆಯುವ, ಆದರೆ ಸಿ++ನಲ್ಲಿ ಬರೆದ ಸಿಲ್ಲಾಡಿಬಿಗೆ ಹೋದರು. 177 ಯಂತ್ರಗಳ ಕೆಲಸ 72ರಲ್ಲಿ ಮುಗಿಯಿತು. ನೂರರಲ್ಲಿ 99 ಸಲ ಹಳೆಯ ಸಂದೇಶ ತೆರೆಯಲು ಹಿಡಿಯುವ ಗರಿಷ್ಠ ಸಮಯ 40ರಿಂದ 125 ಮಿಲಿಸೆಕೆಂಡಿನ ನಡುವೆ ಹೊಯ್ದಾಡುತ್ತಿದ್ದದ್ದು 15ಕ್ಕೆ ನಿಂತಿತು. ಡೇಟಾಬೇಸ್ ಬದಲಾದರೂ ಕೀ ಬದಲಾಗಲಿಲ್ಲ: ಚಾನೆಲ್, ಬಕೆಟ್, ಸಂದೇಶಸಂಖ್ಯೆ. ಸಾಗಿಸುವ ಪ್ರೋಗ್ರಾಮನ್ನೂ ರಸ್ಟ್‌ನಲ್ಲಿ ಹೊಸದಾಗಿ ಬರೆದು, ಸೆಕೆಂಡಿಗೆ 32 ಲಕ್ಷ ದಾಖಲೆಗಳ ವೇಗದಲ್ಲಿ, ತಿಂಗಳುಗಳು ಹಿಡಿಯುತ್ತದೆ ಎಂದುಕೊಂಡಿದ್ದ ಕೆಲಸವನ್ನು ಒಂಬತ್ತು ದಿನಗಳ ಲೆಕ್ಕಕ್ಕೆ ತಂದರು. ಕೊನೆಗೆ ಪರದೆಯ ಮೇಲೆ 99.9999 ಶೇಕಡಾ ಎಂದು ಬಂದು ಅಲ್ಲೇ ನಿಂತುಬಿಟ್ಟಿತು. ಉಳಿದ ಚೂರು ಭಾಗವನ್ನು ಓದಲು ಹೋದಾಗಲೆಲ್ಲ ಕಾಲಮಿತಿ ಮೀರುತ್ತಿತ್ತು. ಬಗೆದು ನೋಡಿದರೆ, ಕಾಂಪ್ಯಾಕ್ಷನ್ ಎಂದೂ ಮುಟ್ಟದೆ ಬಿಟ್ಟಿದ್ದ ಟೂಂಬ್‌ಸ್ಟೋನ್‌ಗಳ ದೊಡ್ಡ ಸಾಲು. ಆ ವ್ಯಾಪ್ತಿಗೆ ಮಾತ್ರ ಕೈಯಾರೆ ಕಾಂಪ್ಯಾಕ್ಷನ್ ಓಡಿಸಿದರು. ಕೆಲವೇ ಸೆಕೆಂಡುಗಳಲ್ಲಿ ಸಾಗಣೆ ಮುಗಿಯಿತು.